ಸಂಕ್ರಾಂತಿವರೆಗೆ ಹರಿಯುತ್ತಿದ್ದ ಹಳ್ಳ ಈಗ ಎರಡು ಗಂಟೆಗೆ ಮುಗಿಯುವುದೇಕೆ?

ಪ್ರಶ್ನೆ: ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯಲ್ಲಿ ನಮಗೆ ಮೂರೂಕಾಲು ಎಕರೆ ಜಮೀನಿದೆ. ಪಡುವಣ ಗಡಿಗೆ ಒಂದು ಹಳ್ಳ. ಅದು ಕೆಳಗಿನ ಕೆರೆಗೆ ಬೀಳುತ್ತದೆ, ಕೆರೆ ಕೋಡಿ ಬಿದ್ದರೆ ನೀರು ಕುಮುದ್ವತಿಗೆ ಸೇರುತ್ತದೆ ಅಂತಾರೆ. ನಾನು ಸ್ಕೂಲಿಗೆ ಹೋಗುವಾಗ, ಅಂದರೆ 1980ರ ಸುಮಾರಿಗೆ, ಮಳೆ ನಿಂತ ಮೇಲೂ ಸಂಕ್ರಾಂತಿವರೆಗೆ ಪಾದ ಮುಳುಗುವಷ್ಟು ತಿಳಿನೀರು ಹರಿಯುತ್ತಿತ್ತು. ಈಗ ದೊಡ್ಡ ಮಳೆ ಬಂದ ದಿನ ಎರಡು ಗಂಟೆ ಕೆಂಪು ನೀರು ನುಗ್ಗುತ್ತದೆ, ಬೆಳಿಗ್ಗೆ ನೋಡಿದರೆ ಒಣ ಮರಳು. ಎರಡು ವರ್ಷದಲ್ಲಿ ನಮ್ಮ ಕಡೆಯ ದಡ ಹತ್ತಡಿ ಕುಸಿದಿದೆ. ಅಲ್ಲಿಂದ ನೂರಡಿ ಮೇಲೆ ರಸ್ತೆಗೆ ಮೂರಡಿಯ ಎರಡು ಪೈಪು ಇಟ್ಟು ಮೋರಿ ಮಾಡಿದ್ದಾರೆ. ಮಳೆಯೇ ಕಡಿಮೆಯಾಗಿದೆ ಅಂತ ಕೆಲವರು, ನೀಲಗಿರಿ ನೀರು ಕುಡಿಯಿತು ಅಂತ ಕೆಲವರು. ಪಕ್ಕದ ಜಮೀನಿನವರು, ಜೆಸಿಬಿ ತರಿಸಿ ಹಳ್ಳವನ್ನು ನೇರ ಮಾಡಿ, ಆಳ ಮಾಡಿ, ಒಂದು ಚೆಕ್ ಡ್ಯಾಮ್ ಕಟ್ಟಿಸೋಣ, ಬೋರಿಗೆ ನೀರು ಬರುತ್ತೆ ಅನ್ನುತ್ತಾರೆ. ಜೆಸಿಬಿ ಬಂದಾಗಲೇ ತಾತನ ಕಾಲದ ಒಣಬಾವಿಯನ್ನೂ ಮುಚ್ಚಿಸಿಬಿಡೋಣ ಅಂತಿದ್ದೇನೆ. ಏನು ಮಾಡಲಿ?

ಉತ್ತರ: ಜೆಸಿಬಿಯವರಿಗೆ ಮುಂಗಡ ಕೊಟ್ಟಿಲ್ಲವಾದರೆ ಸದ್ಯಕ್ಕೆ ತಡೆಯಿರಿ. ಕೊಟ್ಟಿದ್ದರೂ ಚಿಂತೆಯಿಲ್ಲ, ಅದೇ ದುಡ್ಡಿಗೆ ಬೇರೆ ಕೆಲಸವಿದೆ.

ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಒಂದಕ್ಕೊಂದು ಬೆರೆತಿವೆ. ಮಳೆಗಾಲ ಕಳೆದ ಮೇಲೆ ಹರಿಯುತ್ತಿದ್ದ ತಿಳಿನೀರು ನಿಂತದ್ದು ಒಂದು. ಮಳೆ ಬಂದ ದಿನ ದಡ ಕೊಚ್ಚಿಹೋಗುವುದು ಇನ್ನೊಂದು. ಮೊದಲನೆಯದರ ಕಾರಣ ನೆಲದೊಳಗಿದೆ, ನಿಮ್ಮ ಮೂರೂಕಾಲು ಎಕರೆಯಾಚೆ ಎಲ್ಲ ಕಡೆ ಹರಡಿದೆ. ಅದಕ್ಕೆ ನೀವೊಬ್ಬರೇ ಮಾಡಬಹುದಾದ ಮದ್ದು ಕಡಿಮೆ. ಎರಡನೆಯದಕ್ಕೆ ಮುಖ್ಯ ಕಾರಣ ಬಹುಶಃ ಆ ಎರಡು ಪೈಪು. ಅದನ್ನು ಮುಂದಿನ ಮುಂಗಾರಿನೊಳಗೆ ಸರಿಮಾಡಬಹುದು. ನಿಮ್ಮ ಪಕ್ಕದವರ ಯೋಜನೆ ಎರಡನ್ನೂ ವಾಸಿಮಾಡುವುದಿಲ್ಲ, ದಡದ ವಿಷಯದಲ್ಲಿ ಕೆಡಿಸುತ್ತದೆ.

ಹಳ್ಳಕ್ಕೆ ನೀರು ಎಲ್ಲಿಂದ ಬರುತ್ತದೆ

ಮೊದಲು ನಿಮ್ಮ ಹಳ್ಳದ ಜಲಾನಯನಕ್ಕೆ, ಅಂದರೆ ಮಳೆನೀರು ಹರಿದು ಈ ಹಳ್ಳಕ್ಕೆ ಬರುವ ಅಷ್ಟೂ ನೆಲಕ್ಕೆ, ಸುತ್ತ ಒಂದು ಗೆರೆ ಎಳೆದುಕೊಳ್ಳಿ. ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್ ತೆಗೆದುಕೊಂಡು, ಹಳ್ಳ ನಿಮ್ಮ ಜಮೀನಿನ ಕೆಳತುದಿ ದಾಟುವ ಜಾಗಕ್ಕೆ ಚುಕ್ಕೆ ಇಡಿ. ಅಲ್ಲಿಂದ ಎರಡೂ ಮಗ್ಗುಲಿನ ದಿಣ್ಣೆಯ ನೆತ್ತಿ ಹಿಡಿದು ಮೇಲಕ್ಕೆ ಹೋಗಿ, ಎರಡು ಗೆರೆಗಳೂ ಗುಡ್ಡದ ತಲೆಯಲ್ಲಿ ಕೂಡುವವರೆಗೆ. ಎತ್ತರದ ಗೆರೆಗಳು (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು) ಹಳ್ಳವನ್ನು ದಾಟುವ ಕಡೆ ಅವುಗಳ ಚೂಪು ಮೇಲ್ಗಡೆಗೆ ಇರುತ್ತದೆ, ದಿಣ್ಣೆಯ ಮೇಲೆ ಕೆಳಗಡೆಗೆ. ಈ ನಕ್ಷೆಯಲ್ಲಿ ಒಂದು ಚದರ ಸೆಂಟಿಮೀಟರ್ ಎಂದರೆ 25 ಹೆಕ್ಟೇರ್. ನಿಮ್ಮ ಗೆರೆಯೊಳಗೆ ಏಳು ಚದರ ಸೆಂಟಿಮೀಟರಿಗಿಂತ ತುಸು ಹೆಚ್ಚು ಬಂತು ಎಂದುಕೊಳ್ಳಿ, ಆಗ ಸುಮಾರು 180 ಹೆಕ್ಟೇರ್, ಅಂದರೆ 445 ಎಕರೆ. ಮುಂದಿನ ಲೆಕ್ಕಗಳನ್ನೆಲ್ಲ ಈ ಅಂಕಿಯ ಮೇಲೇ ಮಾಡುತ್ತೇನೆ; ನಿಮ್ಮದು ಬೇರೆ ಬಂದರೆ ಅದೇ ಪ್ರಮಾಣದಲ್ಲಿ ಬದಲಿಸಿಕೊಳ್ಳಿ.

ಈ ನಕ್ಷೆಯಲ್ಲಿ ಎತ್ತರದ ಗೆರೆಗಳ ನಡುವಿನ ಅಂತರ 20 ಮೀಟರ್. ನಿಮ್ಮ ಕಡೆಯ ತಗ್ಗು ದಿಣ್ಣೆಗಳು ಎರಡು ಗೆರೆಗಳ ನಡುವೆ ಕಾಣದೇ ಹೋಗಬಹುದು. ಹಾಗಾಗಿ ಜೋರು ಮಳೆ ನಿಂತ ಅರ್ಧ ಗಂಟೆಯೊಳಗೆ ಕೊಡೆ ಹಿಡಿದು ಗಡಿಯುದ್ದಕ್ಕೂ ನಡೆಯಬೇಕು. ರಸ್ತೆ ಪಕ್ಕದ ಚರಂಡಿ, ಬಡಾವಣೆಯ ಕಾಂಪೌಂಡು, ರೈಲು ಹಳಿಯ ದಿಬ್ಬ ಇವು ನೀರನ್ನು ಒಂದು ಹಳ್ಳದಿಂದ ಇನ್ನೊಂದಕ್ಕೆ ತಿರುಗಿಸಿಬಿಟ್ಟಿರುತ್ತವೆ. ಹಳೇ ನಕ್ಷೆಗೆ ಅದು ಗೊತ್ತಿಲ್ಲ. ಸರ್ವೆ ನಂಬರುಗಳಿಗೆ ದಿಶಾಂಕ್ ಆ್ಯಪ್ ಸಾಕು.

ನಿಮ್ಮ ಸೀಮೆಯಲ್ಲಿ ಈ ದಿಣ್ಣೆಗಳಿಗೆ ವಿಶೇಷ ಮಹತ್ವವಿದೆ. ಪಕ್ಕದ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ಕಾವೇರಿಗೆ ಹೋಗುತ್ತದೆ. ಅದೇ ಸಾಲಿನ ಜಯಮಂಗಲಿ ಉತ್ತರಕ್ಕೆ ತಿರುಗಿ ಪೆನ್ನಾರ್ ಸೇರುತ್ತದೆ. ನಿಮ್ಮ ನೀರಿನ ದಾರಿ ಹೀಗಿದೆ: ಹಳ್ಳ, ಕೆರೆ, ಕೋಡಿ, ಮತ್ತೊಂದು ಕೆರೆ, ಶಿವಗಂಗೆಯಿಂದ ಇಳಿದು ಬರುವ ಕುಮುದ್ವತಿ, ತಿಪ್ಪಗೊಂಡನಹಳ್ಳಿ ಜಲಾಶಯ. ಅಲ್ಲಿ ನಂದಿಬೆಟ್ಟದಿಂದ ಬಂದ ಅರ್ಕಾವತಿ ಕೂಡುತ್ತದೆ. ಮುಂದೆ ಮಂಚನಬೆಲೆ, ರಾಮನಗರ, ಕನಕಪುರ ದಾಟಿ ಮೇಕೆದಾಟಿನ ಹತ್ತಿರ ಸಂಗಮದಲ್ಲಿ ಕಾವೇರಿ. ಕಾವೇರಿಯ ಇಡೀ ಕೊಳ್ಳ 81,155 ಚದರ ಕಿಲೋಮೀಟರ್, ತಿಪ್ಪಗೊಂಡನಹಳ್ಳಿಯ ಜಲಾನಯನ 1,447, ನಿಮ್ಮ ಹಳ್ಳದ್ದು ಎರಡು ಕೂಡ ತುಂಬುವುದಿಲ್ಲ. ಆದರೆ 1933ರಲ್ಲಿ ಬೆಂಗಳೂರಿಗೆ ಕುಡಿಯುವ ನೀರಿಗೆಂದು ಕಟ್ಟಿದ ಆ ಜಲಾಶಯ ಸೊರಗಿದ ಕಥೆಯೂ ನಿಮ್ಮ ಹಳ್ಳದ ಕಥೆಯೂ ಒಂದೇ. ದೊಡ್ಡದರ ಬಗ್ಗೆ ಅಧ್ಯಯನ ನಡೆದಿರುವುದರಿಂದ ಸಣ್ಣದರ ಬಗ್ಗೆ ಧೈರ್ಯವಾಗಿ ಮಾತಾಡಬಹುದು.

ಮಳೆ, ನೀಲಗಿರಿ, ಬೋರು

ಅರ್ಕಾವತಿ ಯಾಕೆ ಬತ್ತುತ್ತಿದೆ ಎಂದು ಈ ಮೇಲ್ಭಾಗದ ಜಲಾನಯನದಲ್ಲೇ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಂದೊಂದೇ ಆರೋಪವನ್ನು ಕೈಗೆತ್ತಿಕೊಂಡು ನೋಡಿತು. ಮಳೆಯ ಒಟ್ಟು ಪ್ರಮಾಣ ಇಳಿದದ್ದರಿಂದ ನದಿ ಬತ್ತಿತು ಎನ್ನಲು ಆಧಾರ ಸಿಗಲಿಲ್ಲ. ಮುಖ್ಯ ಅಪರಾಧಿಗಳಾಗಿ ಕಂಡದ್ದು ಎರಡು: ಅಂತರ್ಜಲವನ್ನು ಎತ್ತಿದ್ದು, ನೀಲಗಿರಿ ತೋಪುಗಳು. ಹಳ್ಳಗಳಿಗೆ ಅಡ್ಡ ಕಟ್ಟಿದ ಒಡ್ಡುಗಳೂ ಕೆಳಗಿನ ಕೆರೆಗಳ ಪಾಲನ್ನು ತುಸು ತಿಂದಿವೆ. ನಿಮ್ಮೂರಿನ ಮಳೆಯ ಬಗ್ಗೆ ಅನುಮಾನವಿದ್ದರೆ, ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, ಅಂಕಿ ಕೇಳಿ ಪಡೆಯಿರಿ.

ಒಳಗೆ ಏನಾಗಿದೆ ಎಂದರೆ ಹೀಗೆ. ನಿಮ್ಮ ನೆಲದಲ್ಲಿ ಮೇಲೆ ಕೆಮ್ಮಣ್ಣು, ಕೆಳಗೆ ಮೊರಂ, ಅಂದರೆ ಶಿಥಿಲವಾಗಿ ಪುಡಿಯಾದ ಬಂಡೆ, ಅದರ ಕೆಳಗೆ ಗಟ್ಟಿಬಂಡೆ. ಬೋರು ಕೊರೆಸಿದಾಗ ಕೇಸಿಂಗ್ ಪೈಪು ಎಷ್ಟು ಅಡಿ ಇಳಿಯಿತೋ ಹೆಚ್ಚುಕಡಿಮೆ ಅಷ್ಟೇ ಮಣ್ಣು–ಮೊರಂನ ದಪ್ಪ. ಹಳೇ ಬಿಲ್ಲು ಇದ್ದರೆ ನೋಡಿ, 40 ಅಡಿಯೋ 60 ಅಡಿಯೋ ಇರುತ್ತದೆ. ಈ ಮೊರಂ ಒಂದು ಘನ ಮೀಟರಿಗೆ ಹತ್ತರಿಂದ ಮೂವತ್ತು ಲೀಟರ್ ನೀರನ್ನಷ್ಟೇ ಬಿಟ್ಟುಕೊಡುವಂಥದ್ದು. ಕಡಿಮೆಯೇ, ಆದರೆ 180 ಹೆಕ್ಟೇರಿಗೆ ಹರಡಿಕೊಂಡಾಗ ದೊಡ್ಡ ತೊಟ್ಟಿ. ಸೆಪ್ಟೆಂಬರ್–ಅಕ್ಟೋಬರ್ ಮಳೆಗೆ ಅದು ತುಂಬಿ, ನೀರಿನ ಮಟ್ಟ ಹಳ್ಳದ ತಳಕ್ಕಿಂತ ಮೇಲೆ ಬರುತ್ತಿತ್ತು. ಆಮೇಲೆ ಮೂರು ತಿಂಗಳು ದಡದ ಬುಡದಿಂದ ಒರತೆಯಾಗಿ ಜಿನುಗುತ್ತಿತ್ತು. ನೀವು ಸಂಕ್ರಾಂತಿಯಲ್ಲಿ ಕಂಡ ತಿಳಿನೀರು ಅದೇ. ತುಮಕೂರು, ಮಧುಗಿರಿ ಕಡೆಯ ತಲಪರಿಗೆಗಳೂ (ಒರತೆ ನೀರಿನ ಗುಂಡಿಗಳು) ಇದೇ ಲೆಕ್ಕದಲ್ಲಿ ಬದುಕಿದ್ದವು.

ಬೋರುಗಳು ಮೊದಲು ಈ ಮೊರಂ ಪದರವನ್ನು ಒಣಗಿಸಿದವು, ಆಮೇಲೆ ಬಂಡೆಯೊಳಗಿನ ‘ಗ್ಯಾಪ್’, ಅಂದರೆ ನೀರಿರುವ ಬಿರುಕು, ಹುಡುಕಿಕೊಂಡು 800, 1,000 ಅಡಿಗೆ ಇಳಿದವು. ಈಗ ನೀರಿನ ಮಟ್ಟ ಹಳ್ಳದ ತಳಕ್ಕಿಂತ ಎಷ್ಟೋ ಕೆಳಗಿದೆ. ಹಾಗಾಗಿ ನೆಲ ಹಳ್ಳಕ್ಕೆ ನೀರು ಕೊಡುವ ಬದಲು ಹಳ್ಳದಲ್ಲಿ ಬಂದ ನೀರನ್ನೇ ಹೀರಿಕೊಳ್ಳುತ್ತದೆ. ಬೆಳಿಗ್ಗೆ ಒಣ ಮರಳು ಕಾಣುವುದು ಅದಕ್ಕೆ.

ಅಂಕಿಯಲ್ಲಿ ನೋಡೋಣ. ನಿಮ್ಮ ಕಡೆ ವರ್ಷಕ್ಕೆ 820 ಮಿಲಿಮೀಟರ್ ಮಳೆ ಎಂದು ಹಿಡಿಯಿರಿ. ಇಂಥ ಗಟ್ಟಿಬಂಡೆ ನೆಲದಲ್ಲಿ ಅದರ ಹತ್ತನೇ ಒಂದು ಪಾಲು ಅಂತರ್ಜಲಕ್ಕೆ ಇಳಿಯುತ್ತದೆ ಎಂದರೆ ಉದಾರವಾದ ಲೆಕ್ಕ. 82 ಮಿಲಿಮೀಟರ್, 180 ಹೆಕ್ಟೇರಿಗೆ ಸುಮಾರು 1.48 ಲಕ್ಷ ಘನ ಮೀಟರ್. ಈಗ ಖರ್ಚು: ಗಂಟೆಗೆ 5,000 ಲೀಟರ್ ಎತ್ತುವ ಒಂದು ಬೋರು, ದಿನಕ್ಕೆ ಏಳು ಗಂಟೆ ತ್ರೀ ಫೇಸ್, ವರ್ಷಕ್ಕೆ 200 ದಿನ, 7,000 ಘನ ಮೀಟರ್. ಇಂಥವು 445 ಎಕರೆಯಲ್ಲಿ 25 ಇದ್ದರೆ 1.75 ಲಕ್ಷ. ಜಮೆಗಿಂತ ಖರ್ಚು ಹೆಚ್ಚಾಯಿತು, ಹಳ್ಳಕ್ಕೆ ಒಂದು ತೊಟ್ಟೂ ಉಳಿಯಲಿಲ್ಲ. ನಿಮ್ಮ ಗೆರೆಯೊಳಗೆ ಓಡುತ್ತಿರುವ ಬೋರು ಎಷ್ಟು ಎಂದು ಎಣಿಸಿ. ಟ್ರಾನ್ಸ್‌ಫಾರ್ಮರ್ ಹಿಡಿದು ಹೊರಟರೆ ಒಂದು ಭಾನುವಾರದ ಕೆಲಸ.

ನೀಲಗಿರಿಯ ಮೇಲಿನ ಆರೋಪ ಸುಳ್ಳಲ್ಲ. ರಾಗಿ ನಾಲ್ಕು ತಿಂಗಳು ನೀರು ಕುಡಿದು ಕಟಾವಿಗೆ ಹೋಗುತ್ತದೆ. ನೀಲಗಿರಿ ವರ್ಷಪೂರ್ತಿ, ಆಳದ ತೇವವನ್ನೂ ಬಿಡದೆ ಎಳೆಯುತ್ತದೆ. ಅದರಡಿಯಲ್ಲಿ ಬಿದ್ದ ಮಳೆ ಮೊದಲು ಆ ಒಣಗಿದ ಮಣ್ಣನ್ನು ನೆನೆಸಬೇಕು, ಮಿಕ್ಕಿದ್ದು ಕೆಳಗಿಳಿಯಬೇಕು, ಮಿಕ್ಕುವುದೇ ಅಪರೂಪ. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು, ಹಳೇ ತೋಪುಗಳು ಉಳಿದಿವೆ. ಆದರೆ ‘ತೋಪು ಕಡಿದರೆ ಮುಂದಿನ ವರ್ಷ ಹಳ್ಳ ಹರಿಯುತ್ತೆ’ ಎಂಬ ಮಾತನ್ನು ನಂಬಬೇಡಿ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಬೇರುಸಹಿತ ಕೀಳಿಸಬೇಕು. ಕಿತ್ತ ನೆಲ ಸಡಿಲ. ಬದು ಹಾಕದೆ ಮುಂಗಾರಿಗೆ ಬಿಟ್ಟರೆ ಅಷ್ಟೂ ಮಣ್ಣು ನಿಮ್ಮ ಹಳ್ಳಕ್ಕೆ, ಅಲ್ಲಿಂದ ಕೆರೆಯ ಅಂಗಳಕ್ಕೆ. ಕೀಳಿಸುವುದಕ್ಕೆ ಮುಂಚೆ ಬದು, ಇದು ತಲೆಕೆಳಗಾಗಬಾರದು.

ಜೆಸಿಬಿ ಯೋಜನೆ ಎಡವುವುದೆಲ್ಲಿ

ನಿಮ್ಮಿಬ್ಬರ ಜಮೀನಿನ ಪಕ್ಕ ಹಳ್ಳ 400 ಮೀಟರ್ ಡೊಂಕಾಗಿ ಹರಿದು ಮೂರು ಮೀಟರ್ ಇಳಿಯುತ್ತದೆ ಎನ್ನಿ. ನೂರಕ್ಕೆ ಮುಕ್ಕಾಲು ಇಳಿಜಾರು. ನೇರ ಮಾಡಿದರೆ ಉದ್ದ 280 ಮೀಟರ್ ಆಗುತ್ತದೆ, ಇಳಿಯುವುದು ಅದೇ ಮೂರು ಮೀಟರ್. ಇಳಿಜಾರು ನೂರಕ್ಕೆ ಒಂದನ್ನು ದಾಟಿತು. ಮೊದಲು ಹಳ್ಳ ಉಕ್ಕಿದಾಗ ನೀರು ಅಗಲಕ್ಕೆ ಹರಡಿ ವೇಗ ಕಳೆದುಕೊಳ್ಳುತ್ತಿತ್ತು. ಆಳ ಮಾಡಿದ ಮೇಲೆ ಅಷ್ಟೂ ನೀರು ಕಾಲುವೆಯೊಳಗೇ ಓಡುತ್ತದೆ. ವೇಗ, ಆಳ ಎರಡೂ ಸೇರಿ ತಳವನ್ನು ಕೊರೆಯಲು ಶುರುಮಾಡುತ್ತವೆ. ಕೊರೆತ ಅಗೆದ ಜಾಗದಲ್ಲಿ ನಿಲ್ಲುವುದಿಲ್ಲ. ಅಗೆತದ ಮೇಲ್ತುದಿಯಲ್ಲಿ ಒಂದು ಮೆಟ್ಟಿಲು ಉಳಿದಿರುತ್ತದಲ್ಲ, ಪ್ರತಿ ಮಳೆಗೂ ಅದರ ಬುಡ ಕುಸಿದು ಮೆಟ್ಟಿಲು ಮೇಲಕ್ಕೆ ಮೇಲಕ್ಕೆ ಸರಿಯುತ್ತದೆ. ಒಂದು ದಿನ ಮೋರಿಯ ಬುಡ ಮುಟ್ಟಿ, ಪೈಪುಗಳು ಗಾಳಿಯಲ್ಲಿ ನಿಲ್ಲುತ್ತವೆ. ಬಾಗಿಲಿನಷ್ಟು ಎತ್ತರದ ಕೊರಕಲುಗಳು ಹುಟ್ಟಿದ್ದು ಎಷ್ಟೋ ಕಡೆ ಹೀಗೇ.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ಹಳ್ಳದ ತಳ ಒಂದೂವರೆ ಮೀಟರ್ ಕೆಳಗಿಳಿದರೆ ಎರಡೂ ದಡದ ಮಣ್ಣಿನ ತೇವ ಅಷ್ಟೂ ಬಸಿದು ಹೋಗುತ್ತದೆ. ಗದ್ದೆಬಯಲಿನಲ್ಲಿ ಬಸಿಗಾಲುವೆ ತೆಗೆಯುವುದು ಇದಕ್ಕೇ ತಾನೆ? ನೀರು ಬೇಕೆಂದು ನೀವು ತೆಗೆಸುವುದೂ ಬಸಿಗಾಲುವೆಯನ್ನೇ.

ಚೆಕ್ ಡ್ಯಾಮಿನ ಬಗ್ಗೆ ನನಗೆ ಹಟವೇನಿಲ್ಲ, ಅಳತೆ ಮಾತ್ರ ನೋಡಿ. ಒಂದೂವರೆ ಮೀಟರ್ ಎತ್ತರದ ಕಟ್ಟೆ, ನೂರಕ್ಕೊಂದು ಇಳಿಜಾರಿನಲ್ಲಿ ನೀರು 150 ಮೀಟರ್ ಹಿಂದಕ್ಕೆ ನಿಲ್ಲುತ್ತದೆ. ಸರಾಸರಿ ಅಗಲ ಐದು ಮೀಟರ್. ನೀರಿನ ಪಕ್ಕನೋಟ ತ್ರಿಕೋನವಾದ್ದರಿಂದ ಅರ್ಧ ಹಿಡಿದರೆ 560 ಘನ ಮೀಟರ್. ವರ್ಷಕ್ಕೆ ಐದು ಸಲ ತುಂಬಿ ಇಂಗಿತು ಎಂದರೂ 2,800. ಒಂದು ಬೋರಿನ ವರ್ಷದ 7,000ದ ಪಕ್ಕ ಇಟ್ಟು ನೋಡಿ, ಅರ್ಧವೂ ಇಲ್ಲ. ಅಡಿಕೆಯಲ್ಲಿ ಹೇಳುವುದಾದರೆ, ಎಕರೆಗೆ 550 ಗಿಡ, ಗಿಡಕ್ಕೆ ದಿನಕ್ಕೆ 20 ಲೀಟರ್ ಡ್ರಿಪ್, 150 ದಿನ, ಅಂದರೆ 1,650 ಘನ ಮೀಟರ್. ನಿಮ್ಮ ಕಟ್ಟೆ ಎರಡು ಎಕರೆ ಅಡಿಕೆಗೂ ಸಾಲದು. ಹೂಳು ತೆಗೆಯದಿದ್ದರೆ ಮೂರು ನಾಲ್ಕು ಮಳೆಗಾಲಕ್ಕೆ ಅದೂ ಇಲ್ಲ, ತಳದಲ್ಲಿ ಜೇಡಿ ಕೂತರೆ ನೀರು ನಿಂತಿರುತ್ತದೆ, ಇಂಗುವುದಿಲ್ಲ. ಮತ್ತೆ, ನೀವು ಇಲ್ಲಿ ಹಿಡಿದದ್ದು ಕೆರೆಗೆ ಹೋಗಬೇಕಾದ ನೀರು. ಮೊದಲ ವರ್ಷ ಬೋರಿನಲ್ಲಿ ನೀರು ಏರಿದ್ದು ಕಂಡು ಪಕ್ಕದವರು ಇನ್ನೊಂದು ಬೋರು ಕೊರೆಸುವುದೂ ನಡೆಯುವ ವಿಷಯವೇ.

ಇದರ ಜೊತೆಗೇ ಬರುವ ಇನ್ನೊಂದು ಸಲಹೆ, ಹಳ್ಳದ ನೀರನ್ನು ನೇರ ಬೋರಿಗೆ ಇಳಿಸುವುದು. ಮೇಲ್ಗಡೆ ಮನೆಗಳಿದ್ದರೆ ಖಂಡಿತ ಬೇಡ. ಮೊದಲ ಮಳೆಯ ನೀರಿನಲ್ಲಿ ತಿಪ್ಪೆ, ಶೌಚದ ನೀರು, ಗೊಬ್ಬರ, ಔಷಧಿ ಎಲ್ಲ ಇರುತ್ತದೆ. ಮಣ್ಣು ಸೋಸಿಕೊಳ್ಳುವ ಹಂತವನ್ನೇ ದಾಟಿಸಿ ಅದನ್ನು ಕುಡಿಯುವ ನೀರಿಗೆ ಕಲೆಸಿದಂತಾಗುತ್ತದೆ. ಕೆಂಪು ನೀರಿನ ನುಣುಪು ಮಣ್ಣು ಬಂಡೆಯ ಬಿರುಕು ಮುಚ್ಚಿದರೆ ಬೋರು ಹೋದಂತೆಯೇ.

ದಡಕ್ಕೆ ಏನು ಮಾಡಬೇಕು

180 ಹೆಕ್ಟೇರ್, ಗಂಟೆಗೆ 60 ಮಿಲಿಮೀಟರ್ ತೀವ್ರತೆಯ ಮಳೆ, ಅದರಲ್ಲಿ ನೂರಕ್ಕೆ ಮೂವತ್ತು ಪಾಲು ಮೇಲೆ ಹರಿದುಬಂತು ಎಂದರೆ ಸೆಕೆಂಡಿಗೆ ಒಂಬತ್ತು ಘನ ಮೀಟರ್. ಮೂರಡಿಯ ಒಂದು ಪೈಪು ತುಂಬಿ ಹರಿದರೂ ದಾಟಿಸುವುದು ಸೆಕೆಂಡಿಗೆ ಒಂದೂವರೆ ಚಿಲ್ಲರೆ. ಎರಡು ಸೇರಿ ಮೂರು ಘನ ಮೀಟರಿಗೆ ಸ್ವಲ್ಪ ಹೆಚ್ಚು. ಅಂದರೆ ದೊಡ್ಡ ಮಳೆಯಲ್ಲಿ ಮೋರಿಯ ಹಿಂದೆ ನೀರು ಕಟ್ಟಿಕೊಂಡು, ಪೈಪಿನಿಂದ ಚಿಮ್ಮಿ, ಮಿಕ್ಕದ್ದು ರಸ್ತೆ ಹತ್ತಿ ಧುಮುಕುತ್ತದೆ. ಪೈಪಿನ ಬಾಯಿಂದ ಹೊರಟ ನೀರು ಎದುರಿಗೆ ಸಿಕ್ಕ ದಡಕ್ಕೆ ಹೊಡೆಯುತ್ತದೆ. ಪೈಪಿನ ಬಾಯಲ್ಲಿ ಕೂತು ಅದೇ ನೇರಕ್ಕೆ ಕಣ್ಣು ಹಾಯಿಸಿ. ನಿಮ್ಮ ಕುಸಿದ ದಡ ನೇರ ಎದುರಿಗೆ ಬಂದರೆ ಕಾರಣ ಸಿಕ್ಕಿತು.

ಸರಿಯಾದ ಪರಿಹಾರವೆಂದರೆ ಪೈಪು ತೆಗೆದು ಮೂರು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಸ್ಲ್ಯಾಬ್ ಮೋರಿ. ಅದು ರಸ್ತೆ ಯಾರದೋ ಅವರ ಕೆಲಸ. ಪಂಚಾಯಿತಿಗೆ ಅರ್ಜಿ ಕೊಡುವಾಗ ಈ ಲೆಕ್ಕವನ್ನೂ, ಮಳೆಯ ದಿನ ಮೊಬೈಲಿನಲ್ಲಿ ತೆಗೆದ ವಿಡಿಯೋವನ್ನೂ ಲಗತ್ತಿಸಿ. ‘ಜಮೀನು ಕೊಚ್ಚಿಹೋಗುತ್ತಿದೆ’ ಎಂಬ ಒಂದೇ ಸಾಲಿಗಿಂತ ತೂಕವಿರುತ್ತದೆ. ಅದಾಗುವವರೆಗೆ ಪೈಪಿನ ಬಾಯಿಂದ ಕನಿಷ್ಠ ಐದು ಮೀಟರ್ ಉದ್ದಕ್ಕೆ ಕಲ್ಲಿನ ಹಾಸು ಹಾಕಿಸಲು ಒಪ್ಪಿಗೆ ಪಡೆಯಿರಿ. ಒಬ್ಬ ಆಳು ಎತ್ತಲು ತಿಣುಕುವಂಥ ಕಲ್ಲು ಬೇಕು, ಜಲ್ಲಿ ಒಂದೇ ಮಳೆಗೆ ಹೋಗುತ್ತದೆ.

ಜೆಸಿಬಿಗೆ ಕೆಲಸ ಇಲ್ಲಿದೆ. ಕಡಿದಾಗಿ ನಿಂತ ನಿಮ್ಮ ದಡವನ್ನು ಎತ್ತರ ಒಂದಕ್ಕೆ ಅಡ್ಡ ಒಂದೂವರೆಯಂತೆ ಇಳಿಜಾರು ಮಾಡಿಸಿ. ಹೌದು, ಇನ್ನೊಂದಿಷ್ಟು ನೆಲ ಹೋಗುತ್ತದೆ, ಆದರೆ ನೀವು ಬಿಟ್ಟರೆ ಹಳ್ಳ ಅದನ್ನು ತಾನಾಗಿಯೇ ತೆಗೆದುಕೊಳ್ಳುತ್ತದೆ. ದಡದ ಬುಡದಲ್ಲಿ ತಳಕ್ಕಿಂತ ಎರಡಡಿ ಆಳದ ಕಾಲುವೆ ತೆಗೆದು ದಪ್ಪ ಕಲ್ಲು ತುಂಬಿಸಿ, ತಳದ ಮೇಲೂ ಎರಡು ಮೂರಡಿ ಏರಿಸಿ. ಬುಡದ ಈ ಕಲ್ಲು ಆಳಕ್ಕೆ ಇಳಿಯದಿದ್ದರೆ ಮಿಕ್ಕಿದ್ದೆಲ್ಲ ವ್ಯರ್ಥ. ದಡ ಯಾವಾಗಲೂ ಬುಡದಿಂದ ಕುಸಿಯುತ್ತದೆ, ತಲೆಯಿಂದಲ್ಲ. ಕಲ್ಲಿನ ಮೇಲಿನ ಇಳಿಜಾರಿಗೆ ಲಾವಂಚದ ಕಂತೆಗಳನ್ನು ಗೇಣಿಗಿಂತ ಹತ್ತಿರ, 15 ಸೆಂಟಿಮೀಟರಿಗೊಂದು, ಅಡ್ಡ ಸಾಲಿನಲ್ಲಿ ನೆಡಿ. ಸಾಲಿನಿಂದ ಸಾಲಿಗೆ ಒಂದು ಮೀಟರ್. ಮಧ್ಯೆ ಲಕ್ಕಿ ಕಡ್ಡಿ ಊರಿದರೆ ದನ ಬಾಯಿ ಹಾಕುವುದಿಲ್ಲ. ದಡದ ತಲೆಯ ಮೇಲೆ ಹೊಂಗೆ, ಹೊಳೆಮತ್ತಿ. ಕಲ್ಲಿನ ಕೆಲಸ ಏಪ್ರಿಲ್ ಒಳಗೆ ಮುಗಿಯಲಿ, ನಾಟಿ ಮೊದಲೆರಡು ಹದಮಳೆ ಆದ ಮೇಲೆ. ಕಾಂಕ್ರೀಟ್ ಗೋಡೆ ಕಟ್ಟಿಸಬೇಡಿ. ಗೋಡೆ ಮುಗಿಯುವ ತುದಿಯಲ್ಲಿ ಹೊಸ ಕೊರೆತ ಶುರುವಾಗುತ್ತದೆ, ಏಟು ಎದುರು ದಡದವರಿಗೆ ತಿರುಗುತ್ತದೆ, ಆಮೇಲೆ ಅವರೂ ಗೋಡೆ ಕಟ್ಟಿಸುತ್ತಾರೆ.

ಒಂದು ಎಚ್ಚರಿಕೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 67ನೇ ಸೆಕ್ಷನ್ ಪ್ರಕಾರ ಹಳ್ಳದ ಪಾತ್ರ ಸರ್ಕಾರದ್ದು. ಕುಸಿದ ಹತ್ತಡಿಯನ್ನು ಮಣ್ಣು ತುಂಬಿ ವಾಪಸು ಪಡೆಯಲು ಹೋದರೆ ನಾಳೆ ಒತ್ತುವರಿ ಎನ್ನಿಸಿಕೊಳ್ಳಬಹುದು. ಯಂತ್ರ ಇಳಿಸುವ ಮುಂಚೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಗಡಿಕಲ್ಲು ಎಲ್ಲಿ ಬರುತ್ತದೆ ಎಂದು ಅಳತೆ ಮಾಡಿಸಿ, ಪಂಚಾಯಿತಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಪಕ್ಕದವರ ಚೆಕ್ ಡ್ಯಾಮಿಗೂ ಇದೇ ಅನ್ವಯ; ಖಾಸಗಿಯಾಗಿ ಕಟ್ಟಿ, ಕೆರೆಯ ಅಚ್ಚುಕಟ್ಟಿನವರು ದೂರು ಕೊಟ್ಟರೆ ಕಟ್ಟಿದವರೇ ಒಡೆಸಬೇಕಾಗುತ್ತದೆ.

ನೀರಿಗೆ ಏನು ಮಾಡಬಹುದು

ಕೆಲಸ ಮೇಲಿನಿಂದ ಕೆಳಕ್ಕೆ ಬರಬೇಕು. ಗುಡ್ಡದ ಮಗ್ಗುಲಲ್ಲಿ 40 ಹೆಕ್ಟೇರ್ ಬೀಳು ಇದ್ದರೆ, ನಾಲ್ಕು ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಆಳದ ಕಂದಕಗಳು, ಹೆಕ್ಟೇರಿಗೆ 50. ಒಂದೊಂದೂ ಒಂದು ಘನ ಮೀಟರ್ ಹಿಡಿಯುತ್ತದೆ. ವರ್ಷಕ್ಕೆ ಆರು ಸಲ ತುಂಬಿದರೆ ಒಟ್ಟು 12,000ಕ್ಕೂ ಹೆಚ್ಚು, ಚೆಕ್ ಡ್ಯಾಮಿನ ನಾಲ್ಕು ಪಾಲು. ಅಷ್ಟೂ ಅಂತರ್ಜಲಕ್ಕೆ ಹೋಗುವುದಿಲ್ಲ, ಒಂದು ಭಾಗವನ್ನು ಮಣ್ಣೂ ಗಿಡವೂ ಕುಡಿಯುತ್ತವೆ. ಆದರೂ ಕೆಂಪು ನೀರಿನ ರಭಸ ಇಳಿಯುವುದು ಇಲ್ಲೇ. ಕಂದಕದ ತಳ ಕಟ್ಟುನಿಟ್ಟಾಗಿ ಸಮಮಟ್ಟ ಇರಬೇಕು. ಗಾರೆಯವರ ಲೆವೆಲ್ ಟ್ಯೂಬ್ ಸಾಕು. ಕಣ್ಣಳತೆಯಲ್ಲಿ ತೆಗೆದ ಕಂದಕ ಒಂದು ಕಡೆ ವಾಲಿ, ತುದಿ ಒಡೆದು, ಅಲ್ಲಿಂದಲೇ ಹೊಸ ಕೊರಕಲು ಹುಟ್ಟುತ್ತದೆ.

ಹತ್ತು ಹದಿನೈದು ಹೆಕ್ಟೇರಿನ ನೀರಷ್ಟೇ ಬರುವ ಮೇಲಿನ ಸಣ್ಣ ಕೊರಕಲುಗಳಿಗೆ ಗಾರೆಯಿಲ್ಲದ ಕಲ್ಲಿನ ತಡೆ. ಎತ್ತರ 75 ಸೆಂಟಿಮೀಟರ್. ಮೇಲಿನ ತಡೆಯ ಬುಡವೂ ಕೆಳಗಿನ ತಡೆಯ ನೆತ್ತಿಯೂ ಒಂದೇ ಮಟ್ಟಕ್ಕೆ ಬರುವಂತೆ ಅಂತರ ಇಡಬೇಕು. ನೂರಕ್ಕೆ ಎರಡೂವರೆ ಇಳಿಜಾರಿದ್ದರೆ 30 ಮೀಟರಿಗೊಂದು. ತಳಕ್ಕೆ ಒಂದಡಿ, ಎರಡೂ ದಡದೊಳಕ್ಕೆ ಒಂದೂವರೆ ಅಡಿ ಕಚ್ಚಿಸಿ. ನೆತ್ತಿಯ ನಡುಭಾಗ ಬದಿಗಳಿಗಿಂತ ಒಂದಡಿ ತಗ್ಗಿರಲೇಬೇಕು. ಇವು ಸೋಲುವುದು ಬಹುಪಾಲು ಇದೊಂದೇ ಕಾರಣಕ್ಕೆ: ನೋಡಲು ಚೆಂದ ಎಂದು ನೆತ್ತಿಯನ್ನು ಸಪಾಟು ಮಾಡುತ್ತಾರೆ, ನೀರು ನಡುವೆ ದಾಟದೆ ಬದಿಗೆ ಸರಿದು ದಡ ಕೊರೆದು ಸುತ್ತಿಕೊಂಡು ಹೋಗುತ್ತದೆ. ಕಲ್ಲು ಅಲ್ಲೇ ಇರುತ್ತದೆ, ಹಳ್ಳ ಪಕ್ಕಕ್ಕೆ ಹೋಗಿರುತ್ತದೆ. ಉದ್ಯೋಗ ಖಾತರಿಯ ಕ್ರಿಯಾಯೋಜನೆಗೆ ಈ ಕೆಲಸಗಳನ್ನು ಸೇರಿಸಲು ಗ್ರಾಮಸಭೆಯಲ್ಲೇ ಕೇಳಬೇಕು. ಜಲಾನಯನ ಇಲಾಖೆ ಸುಮಾರು 500 ಹೆಕ್ಟೇರಿನ ಕಿರು ಜಲಾನಯನಗಳ ಲೆಕ್ಕದಲ್ಲಿ ಕೆಲಸ ಮಾಡುತ್ತದೆ, ನಿಮ್ಮದು ಯಾವುದರೊಳಗೆ ಬರುತ್ತದೆ ಎಂದು ತಿಳಿದುಕೊಂಡು ಹೋಗಿ.

ಇಷ್ಟೆಲ್ಲ ಮಾಡಿದರೂ 25 ಬೋರು 30 ಆದರೆ ಹಳ್ಳ ಹಾಗೇ ಇರುತ್ತದೆ. ಕಷ್ಟದ ಮಾತು ಇದೇ, ಇಂಜಿನಿಯರುಗಳು ಇದನ್ನು ವರದಿಯ ಕೊನೇ ಪುಟಕ್ಕೆ ತಳ್ಳುವುದೂ ಇದಕ್ಕೇ. ಗೆರೆಯೊಳಗಿನ ಹತ್ತು ಕುಟುಂಬಗಳಾದರೂ ಕೂತು ಜಮಾಖರ್ಚಿನ ಅಂಕಿ ಎದುರಿಗಿಟ್ಟುಕೊಂಡು ಮಾತಾಡಿದರೆ, ಹೊಸ ಬೋರು ಬೇಡ, ಹೊಸ ಅಡಿಕೆ ಬೇಡ ಎಂಬಲ್ಲಿಗಾದರೂ ಬರಬಹುದು. ಇರುವ ತೋಟ ಕೀಳಿ ಎಂದು ಯಾರಿಗೂ ಹೇಳಲಾಗುವುದಿಲ್ಲ. ಡ್ರಿಪ್ ಹಾಕಿಸಿ ಉಳಿದ ನೀರಿನಲ್ಲಿ ಇನ್ನೊಂದು ಎಕರೆ ತೋಟ ಎಬ್ಬಿಸಿದರೆ ಉಳಿತಾಯ ಕಾಗದದ ಮೇಲಷ್ಟೇ ಇರುತ್ತದೆ.

ಸಂಕ್ರಾಂತಿಯ ತಿಳಿನೀರು ಮರಳುತ್ತದೆಯೇ ಎಂದರೆ, ಸದ್ಯಕ್ಕೆ ಇಲ್ಲ. ಮೇಲಿನ ಕೆಲಸ ಚೆನ್ನಾಗಿ ಆದರೆ ಎರಡು ಗಂಟೆಯ ಹರಿವು ಎರಡು ಮೂರು ದಿನಕ್ಕೆ ಹಿಗ್ಗಬಹುದು, ಬಣ್ಣ ತಿಳಿಯಾಗಬಹುದು. ನೆನಪನ್ನು ನಂಬದೆ ಬರೆದಿಡಿ. ಹಳ್ಳ ಹರಿದ ದಿನಗಳಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಳೆಯುವುದಾದರೆ ಹತ್ತು ಮೀಟರ್ ನೇರವಿರುವ ಕಡೆ ಒಂದು ಎಲೆ ಬಿಡಿ: 1.2 ಮೀಟರ್ ಅಗಲ, 10 ಸೆಂಟಿಮೀಟರ್ ಆಳ, ಎಲೆ 20 ಸೆಕೆಂಡಿಗೆ ದಾಟಿತು ಎಂದರೆ ವೇಗ ಸೆಕೆಂಡಿಗೆ ಅರ್ಧ ಮೀಟರ್. ತಳದ ನೀರು ನಿಧಾನವಾದ್ದರಿಂದ 0.7ರಿಂದ ಗುಣಿಸಿ. ಸೆಕೆಂಡಿಗೆ 42 ಲೀಟರ್.

ಕೊನೆಗೆ ತಾತನ ಬಾವಿ. ಮುಚ್ಚಿಸಬೇಡಿ. ಸುತ್ತ ಮೂರಡಿ ಕಟ್ಟೆ, ಮೇಲೆ ಕಬ್ಬಿಣದ ಜಾಲರಿ ಹಾಕಿಸಿ, ಮಕ್ಕಳು, ದನ ಬೀಳದ ಹಾಗೆ. ಆ ಬಾವಿ ಇರುವುದು ಮೊರಂ ಪದರದಲ್ಲಿ, ಅಂದರೆ ಹಳ್ಳಕ್ಕೆ ನೀರುಣಿಸುತ್ತಿದ್ದ ತೊಟ್ಟಿಯಲ್ಲೇ. ನಿಮ್ಮ ಬೋರಿನಲ್ಲಿ ಕಾಣದ ಸುದ್ದಿ ಅಲ್ಲಿ ಕಾಣುತ್ತದೆ. ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ಪ್ರತಿ ತಿಂಗಳ ಒಂದನೇ ತಾರೀಖು ಇಳಿಬಿಡಿ. ನವೆಂಬರಿನಲ್ಲಿ ಹಗ್ಗದ ತುದಿ ಒದ್ದೆಯಾಗಿ ಬಂದರೆ ಆ ಅಂಕಿ ಬರೆದಿಟ್ಟು ನಮಗೂ ಕಳಿಸಿ. ಬಾವಿಯ ಬಾಯಿಂದ ಹಳ್ಳದ ತಳ ಎಷ್ಟು ಅಡಿ ಕೆಳಗಿದೆ ಎಂದು ಲೆವೆಲ್ ಟ್ಯೂಬಿನಿಂದ ಈಗಲೇ ಅಳೆದು ಬಾವಿಕಟ್ಟೆಯ ಮೇಲೆ ಬಣ್ಣದಲ್ಲಿ ಬರೆಸಿ. ಹಗ್ಗದ ಅಳತೆ ಆ ಅಂಕಿಯನ್ನು ಮುಟ್ಟುವವರೆಗೆ ಹಳ್ಳದಲ್ಲಿ ಒರತೆ ಹುಡುಕಿಕೊಂಡು ಹೋಗಬೇಕಾಗಿಲ್ಲ.